ಬೆನ್ನಿನ ಬಾಬ್ತಿನ ಖರ್ಚು

ಕೇಸಿಗೆ ಈವರೆಗೆ ಎಷ್ಟು ಖರ್ಚಾಗಿದೆ ಎಂದು ಪಟ್ಟಿ ಮಾಡಿಕೊಂಡು ಬರಬೇಕೆಂದು ವಕೀಲ ಶಿವನಂಜಪ್ಪನವರು ಹೇಳಿ ಕಳಿಸಿದ ದಿನ ಮಂಟಯ್ಯನ ಮನೆಯಲ್ಲಿ ಹುರುಳಿ ಸಾರು ಮಾಡಿದ್ದರು. ಹುರುಳಿ ಸಾರೆಂದರೆ ಒಂದು ಮುದ್ದೆ ಹೆಚ್ಚಿಗೆ ಉಣ್ಣುವ ಮಂಟಯ್ಯ ಅವತ್ತು ಅರ್ಧ ಮುದ್ದೆಗೇ ಕೈ ತೊಳೆದ. ಬಾಯಿ ಒರೆಸಿಕೊಂಡು, ಮಗಳ ಕಡೆ ನೋಡದೆ ಗೋಡೆಯ ಕಡೆ ನೋಡಿ, ನೋಟ್‌ಬುಕ್ಕು ಪೆನ್ನು ತರಲು ಹೇಳಿದ. ಆ ಮನೆಯಲ್ಲಿ ದುಂಡಗೆ ಬರೆಯುವ ಕೈ ಇದ್ದದ್ದು ಪವಿತ್ರಾಳದೊಂದೇ. ಕೇಸು ಅವಳ ಬೆನ್ನಿನದು. ಅದರ ಖರ್ಚು ಬರೆಯುವುದೂ ಅವಳ ಪಾಲಿಗೇ ಬಂತು.

ಇದು ತೊಂಬತ್ತೊಂಬತ್ತನೇ ಇಸವಿ ಸೆಪ್ಟೆಂಬರಿನ ಮಾತು. ಹನಗೋಡಿನಿಂದ ಎರಡು ಮೈಲಿ ಆಚೆಗಿನ ಊರು. ಮನೆಯಲ್ಲಿ ಮಂಟಯ್ಯ, ಅವನ ಹೆಂಡತಿ ರಾಮಮ್ಮ, ಮಗ ಲಿಂಗರಾಜು, ಸೊಸೆ ಪ್ರಮೀಳಾ, ಅವರ ಮೂರು ವರ್ಷದ ಹೆಣ್ಣುಮಗು, ಮತ್ತೆ ಇಪ್ಪತ್ಮೂರು ವರ್ಷದ ಪವಿತ್ರಾ. ಮೂರೆಕರೆ ಹೊಗೆಸೊಪ್ಪು, ಅದನ್ನು ಬೇಯಿಸುವುದಕ್ಕೆ ಹಿತ್ತಿಲ ಆಚೆ ಒಂದು ಬ್ಯಾರನ್ನು, ಎರಡು ಹಸು. ಉಂಡುಟ್ಟುಕೊಂಡು ಇರುವುದಕ್ಕೆ ಏನೂ ಕಡಿಮೆ ಇರಲಿಲ್ಲ. ಆದರೆ ಎರಡು ವರ್ಷದಿಂದ ಆ ಮನೆಯಲ್ಲಿ ಆಡುವ ಮಾತೆಲ್ಲ ಕೇಸಿನದೇ ಆಗಿತ್ತು.

ಕೇಸು ಏನೆಂದು ಮೊದಲು ಹೇಳಿಬಿಡುತ್ತೇನೆ. ಪವಿತ್ರಾ ಪಿಯುಸಿ ಓದುತ್ತಿದ್ದಾಗ ಅವಳ ಬೆನ್ನಿನ ಮೇಲೆ ಬಿಳಿ ಮಚ್ಚೆ ಕಾಣಿಸಿಕೊಂಡಿತು. ತಲೆಗೆ ನೀರು ಹಾಕುವಾಗ ನೋಡಿದವಳು ರಾಮಮ್ಮ. ಆಕೆ ಯಾರಿಗೂ ಹೇಳದೆ, ಹುಡುಗಿಗೆ ಹೊಟ್ಟೆನೋವು ಎಂದು ನೆಪ ಹೇಳಿ, ಹುಣಸೂರಿನ ಒಬ್ಬ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರು ಮೊದಲ ದಿನವೇ ಪಕ್ಕದ ಸ್ಟುಡಿಯೋದವನನ್ನು ಕರೆಸಿ, ತನ್ನ ಫೈಲಿಗೆ ಬೇಕು ಎಂದು ಅವಳ ಬರಿಬೆನ್ನಿನ ಫೋಟೋ ತೆಗೆಸಿದ. ಡಾಕ್ಟರು ಹೇಳಿದ ಮೇಲೆ ಬೇಡ ಎನ್ನುವುದಕ್ಕೆ ತಾಯಿಗಾಗಲಿ ಮಗಳಿಗಾಗಲಿ ಬಾಯಿ ಬರಲಿಲ್ಲ. ಒಂದು ವರ್ಷ ಎಣ್ಣೆ ಹಚ್ಚಿ, ಬ್ಯಾರನ್ನಿನ ಹಿಂದೆ ಬೆನ್ನು ಬಿಸಿಲಿಗೆ ಕೊಟ್ಟು ಕೂತು, ಮಚ್ಚೆ ವಾಸಿಯಾಯಿತು. ಕೊನೆಯ ದಿನ ಆತ ಮುಖದ ಫೋಟೋನೂ ತೆಗೆಸಿದ. ವಾಸಿಯಾದ ಖುಷಿಗೆ ಪವಿತ್ರಾ ಅದರಲ್ಲಿ ನಕ್ಕಿದ್ದಳು.

ತೊಂಬತ್ತೇಳರ ಶ್ರಾವಣದಲ್ಲಿ ಆ ಎರಡೂ ಫೋಟೋ ಡಾಕ್ಟರ ಜಾಹೀರಾತಿನ ಕರಪತ್ರವಾಗಿ ಹುಣಸೂರಿನ ಸಂತೆಯಲ್ಲಿ, ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಜನರ ಕೈಗೆ ಬಂದವು. ಎಡಗಡೆ ಬೆನ್ನು, ಬಲಗಡೆ ನಗುಮುಖ, ಕೆಳಗೆ ಹೆಸರು, ವಯಸ್ಸು, ಊರು. ಕೆ.ಆರ್. ನಗರದ ಕಡೆ ಭೇರ್ಯದಲ್ಲಿ ಅವಳಿಗೆ ಒಂದು ಗಂಡು ಗೊತ್ತಾಗಿ, ವೀಳ್ಯಶಾಸ್ತ್ರಕ್ಕೆ ಒಂಬತ್ತು ದಿನ ಉಳಿದಿತ್ತು. ಅದು ನಿಂತು ಹೋಯಿತು.

ಮಂಟಯ್ಯ ಆಗ ಮಾಡಿದ್ದು ಬ್ಯಾರನ್ನು ಇರುವವನು ಮಾತ್ರ ಮಾಡಬಹುದಾದ ಕೆಲಸ. ಮೂರು ದಿನ ಸೈಕಲ್ ತುಳಿದು, ಸಂತೆಮಾಳ, ಹೋಟೆಲು, ಬಸ್ಸು, ಕಂಬ ಯಾವುದನ್ನೂ ಬಿಡದೆ ಸಿಕ್ಕ ಕರಪತ್ರವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದ. ಸೊಪ್ಪು ಬೇಯುವ ಕಾಲ, ಒಲೆ ಹಗಲಿರುಳು ಉರಿಯುತ್ತಿತ್ತು. ಮುಖ ಆಚೆ ತಿರುಗಿಸಿಕೊಂಡು ಎರಡು ಚೀಲವನ್ನೂ ಅದರ ಬಾಯಿಗೆ ಸುರಿದ. ಮಗಳ ಮಾನ ಉಳಿಯಿತು ಎಂದುಕೊಂಡ. ಆಮೇಲೆ ಡಾಕ್ಟರ ಮೇಲೆ ಕೇಸು ಹಾಕುವುದಕ್ಕೆ ವಕೀಲರ ಹತ್ತಿರ ಹೋದ. ಅವರು ಕೇಳಿದ ಮೊದಲ ಮಾತೇ, ಆ ಕರಪತ್ರ ಎಲ್ಲಿ ಕೊಡಿ ಎಂದು.

ಒಂದೂ ಇರಲಿಲ್ಲ. ಇದ್ದದ್ದು ಭೇರ್ಯದ ಗಂಡಿನ ಮನೆಯಲ್ಲಿ, ಅವಳ ಜಾತಕದ ಜೊತೆ ಮಡಚಿಟ್ಟದ್ದು. ಅದನ್ನು ಕೋರ್ಟಿಗೆ ತರಿಸುವುದಕ್ಕೆ ಏಳು ತಿಂಗಳು, ಒಂಬತ್ತು ವಾಯಿದೆ ಹಿಡಿಯಿತು.

ಪಟ್ಟಿ ಬರೆಯುವುದಕ್ಕೆ ಪವಿತ್ರಾ ಲಾಟೀನಿನ ಪಕ್ಕ ಕೂತಳು. ಕರೆಂಟು ಎಂದಿನಂತೆ ಉಣ್ಣುವ ಹೊತ್ತಿಗೇ ಹೋಗಿತ್ತು. ಕೋರ್ಟ್ ಫೀಸು ಆರು ಸಾವಿರದ ಆರುನೂರ ಇಪ್ಪತ್ತೈದು. ಶಿವನಂಜಪ್ಪನವರಿಗೆ ಕೊಟ್ಟದ್ದು. ಮೈಸೂರಿನಿಂದ ಒಂದು ದಿನದ ವಾದಕ್ಕೆ ಬಂದುಹೋದ ದೊಡ್ಡ ವಕೀಲರಿಗೆ ಕೊಟ್ಟದ್ದು ಎಂಟು ಸಾವಿರ, ಅವರ ಕಾರಿನ ಬಾಡಿಗೆ ಬೇರೆ, ಊಟ ಬೇರೆ. ಟೈಪಿಂಗು. ಬಸ್ ಚಾರ್ಜು. ಮಂಟಯ್ಯ ಒಂದೊಂದನ್ನೂ ಬೆರಳು ಮಡಚಿ ಹೇಳಿದ. ಆ ಖರ್ಚೆಲ್ಲ ಅವನಿಗೆ ಬಾಯಿಪಾಠವಾಗಿತ್ತು.

ಲಿಂಗರಾಜು ತಟ್ಟೆಯ ಮುಂದೆ ಕೂತೇ ಕೇಳುತ್ತಿದ್ದ. ಅವನಿಗೂ ಒಂದು ಬಾಬ್ತು ಇತ್ತು.

"ಓದ್ವರ್ಸದ ಸೊಪ್ಪೂ ಬರ್ಸು ಅಪ್ಪ. ಬ್ಯಾರನ್ ಕೊಳವೆ ತೂತ್ ಬಿದ್ದದೆ, ಬದಲಾಯ್ಸಣ ಅಂತ ಬಡ್ಕಂಡೆ. ಮೈಸೂರ್ ವಕೀಲ್ನಿಗೆ ಕೊಡ್ಬೇಕು ಅಂತ ಮಡೀಕಂಡೆ ನೀನು. ಒಂದ್ ಬ್ಯಾರನ್ ಸೊಪ್ಪು ಕರ್ರಗಾಯ್ತು. ಅದು ಖರ್ಚಲ್ವಾ?"

"ಬರ್ಕೊ," ಎಂದ ಮಂಟಯ್ಯ, ಮಗನಿಗಲ್ಲ, ಗೋಡೆಗೆ.

ಪವಿತ್ರಾ ಬರೆದಳು. ಅದರ ಕೆಳಗೆ ಸಾಕ್ಷಿಯ ಭತ್ಯೆ ಬಂತು. ಭೇರ್ಯದ ಸ್ವಾಮಿಗೆ, ಬಸ್ ಚಾರ್ಜು ಸೇರಿ, ತೊಂಬತ್ತೆರಡು ರೂಪಾಯಿ. ಸ್ವಾಮಿ ಎಂದರೆ ಅವಳನ್ನು ಮದುವೆಯಾಗಬೇಕಿದ್ದವನು. ಆತ ಕೋರ್ಟಿಗೆ ಬಂದು, ಕರಪತ್ರ ಜೇಬಿನಿಂದ ತೆಗೆದುಕೊಟ್ಟು, ಇದನ್ನು ನೋಡಿಯೇ ನಾವು ಬೇಡವೆಂದದ್ದು ಎಂದು ನಿಜವನ್ನೇ ಹೇಳಿದ್ದ. ಹೊರಗೆ ನಲ್ಲಿಯ ಹತ್ತಿರ ಸಿಕ್ಕಾಗ, "ನಂದೇನಿಲ್ಲ, ನಮ್ಮವ್ವ ಬೆನ್ನೆಲ್ಲಾ ತುಂಬ್ಕಂಡದೆ ಅಂತ ಅಳಕ್ಕೆ ಕುಂತ್ಬುಟ್ಲು" ಎಂದು ಅವಳಿಗೊಂದು ಮಾತು ಹೇಳಿ ಬಸ್ಸಿಗೆ ಓಡಿದ್ದ. ಈಗ ಅವನಿಗೆ ಬೇರೆ ಕಡೆ ಮದುವೆಯಾಗಿ ಮಗುವೂ ಇತ್ತು. ಪವಿತ್ರಾ ತೊಂಬತ್ತೆರಡು ಎಂದು ಅಂಕಿಯಲ್ಲಿ ಬರೆದು, ಅಕ್ಷರದಲ್ಲೂ ಬರೆದಳು. ಆ ಅಂಕಿಯನ್ನು ಬರೆದ ತನ್ನ ಕೈಯ ಮೇಲೇ ಅವಳಿಗೆ ಸಿಟ್ಟು ಬಂತು.

ಒಟ್ಟು ನಲವತ್ತೊಂದು ಸಾವಿರದ ಮುನ್ನೂರ ಐವತ್ತು ಆಯಿತು. ಮಂಟಯ್ಯ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ಪ್ರಮೀಳಾ ಎಂಜಲು ಎತ್ತುತ್ತಾ ಅತ್ತೆಯ ಕಿವಿಯ ಹತ್ತಿರ ಹೇಳಿದ್ದು ಎಲ್ಲರಿಗೂ ಕೇಳಿಸಿತು.

"ಉಡ್ಗಿ ಬೆನ್ ಮುಚ್ಚಾಕೆ ಅಂತ ಓಗಿ, ನಲವತ್ ಸಾವ್ರ ಕೊಟ್ಟು ಊರಿಗೆಲ್ಲ ತೋರಿಸ್ಕಂಡ್ ಬಂದಂಗಾಯ್ತು ಅತ್ತೆಮ್ಮ."

ಪ್ರಮೀಳಾ ಕೆಟ್ಟವಳಲ್ಲ. ಬಾಯಿ ಸ್ವಲ್ಪ ಮುಂದು. ಅವಳು ಹೇಳಿದ್ದು ಸುಳ್ಳೂ ಅಲ್ಲ. ಕರಪತ್ರ ನೋಡದಿದ್ದ ಊರುಗಳಿಗೂ ಕೇಸಿನ ಸುದ್ದಿ ಹೋಗಿತ್ತು. ಕೇಸು ಎಂದರೆ ಜನ, ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಬೆನ್ನು.

ಪವಿತ್ರಾ ಎಲ್ಲರ ಊಟ ಆದ ಮೇಲೆ ಉಂಡಳು. ಹೀಗೆ ಕೊನೆಗೆ ಉಣ್ಣುವುದು ಯಾರೂ ಹೇಳಿ ಆದದ್ದಲ್ಲ. ಒಂದು ದಿನ ಅವಳೇ ಹಿಂದೆ ಉಳಿದಳು, ಯಾರೂ ಕರೆಯಲಿಲ್ಲ, ಹಾಗೇ ರೂಢಿಯಾಯಿತು. ಬಚ್ಚಲಿನಲ್ಲಿ ಅವಳ ಸೋಪು ಬೇರೆ ಡಬ್ಬಿಯಲ್ಲಿ ಇರುತ್ತಿತ್ತು. ಮಗು ಮೊದಲು ಅವಳ ಪಕ್ಕ ಮಲಗುತ್ತಿತ್ತು, ಈಗ ಅದರ ಹಾಸಿಗೆ ಅಜ್ಜಿಯ ಕಡೆ ಹೋಗಿತ್ತು. ಹಗಲು ಸೊಪ್ಪು ಕಟ್ಟುವುದಕ್ಕೆ ಕೂಲಿಗೆ ಬರುವ ಹೆಂಗಸರು ಸಾಲಾಗಿ ಕೂತು, ಒಂದೊಂದು ಕಡ್ಡಿಗೆ ಎಲೆ ಪೋಣಿಸುತ್ತಾ, ಸಾಲಿನ ಕೊನೆಯಲ್ಲಿ ಇವಳಿಗೂ ತಮಗೂ ನಡುವೆ ಇನ್ನೊಬ್ಬರು ಕೂರುವಷ್ಟು ಜಾಗ ಬಿಡುತ್ತಿದ್ದರು. ಬೈದರೆ ತಿರುಗಿ ಬೈಯಬಹುದು. ಜಾಗ ಬಿಟ್ಟರೆ ಏನು ಮಾಡುವುದು?

ಎಲ್ಲಕ್ಕಿಂತ ಅವಳಿಗೆ ನೋವಾಗುತ್ತಿದ್ದದ್ದು ಅಪ್ಪನದು. ಆ ಕರಪತ್ರ ಸುಟ್ಟ ದಿನದಿಂದ ಮಂಟಯ್ಯ ಮಗಳ ಮುಖ ನೋಡಿ ಮಾತಾಡಿರಲಿಲ್ಲ. ದ್ವೇಷಕ್ಕಲ್ಲ, ನಾಚಿಕೆಗೆ. ಬೆಳೆದ ಮಗಳ ಬರಿಬೆನ್ನನ್ನು ಊರು ನೋಡಿತಲ್ಲ ಎಂಬ ನಾಚಿಕೆ ಅವನ ಕತ್ತನ್ನು ಹಿಡಿದು ಆಚೆ ತಿರುಗಿಸಿತ್ತು. ಅವಳಿಗಾಗಿ ನಲವತ್ತು ಸಾವಿರ ಸುರಿದ. ಅವಳಿಗೆ ಉಂಡೆಯಾ ಎಂದು ಕೇಳುವುದನ್ನು ಬಿಟ್ಟಿದ್ದ.

ಮುಂದಿನ ವಾರ ಹುಣಸೂರಿನ ಕೋರ್ಟಿನಲ್ಲಿ ಪಟ್ಟಿ ಓದಿದರು. ಸೊಪ್ಪಿನ ಬಾಬ್ತನ್ನು ಶಿವನಂಜಪ್ಪನವರೇ ಮೊದಲೇ ಹೊಡೆದುಹಾಕಿದ್ದರು. ಆದರೂ ಡಾಕ್ಟರ ಕಡೆಯ ವಕೀಲ ಹಾಳೆಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, ಇದರಲ್ಲಿ ಕಾಲುಭಾಗ ಇವರೇ ಸುಟ್ಟುಹಾಕಿದ ಕಾಗದವನ್ನು ಮತ್ತೆ ಹುಡುಕುವುದಕ್ಕೆ ಆದದ್ದು, ಅದಕ್ಕೆ ನಮ್ಮ ಕಕ್ಷಿದಾರರು ಯಾಕೆ ಕೊಡಬೇಕು, ಇಲ್ಲಿನ ವಕೀಲರು ಮಾಡಬಹುದಾದ ವಾದಕ್ಕೆ ಮೈಸೂರಿನಿಂದ ಕಾರು ಯಾಕೆ ಬರಬೇಕಿತ್ತು ಎಂದು ಕೇಳಿದ. ಕೊನೆಗೆ, "ಮೂಗಿಗಿಂತ ಮೂಗುತಿ ಭಾರ ಆಗಿದೆ ಸ್ವಾಮಿ" ಎಂದ. ಕೋರ್ಟಿನಲ್ಲಿ ಕೆಲವರು ನಕ್ಕರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮಂಟಯ್ಯನ ಕಿವಿ ಕೆಂಪಾಯಿತು.

ನ್ಯಾಯಾಧೀಶರು ನಗಲಿಲ್ಲ. ತಪ್ಪು ಡಾಕ್ಟರದು ಎಂಬುದರಲ್ಲಿ ತಮಗೆ ಹೆಚ್ಚು ಅನುಮಾನವಿಲ್ಲ ಎಂದರು. ಆದರೆ ಆದ ನಷ್ಟಕ್ಕೂ ಮಾಡಿದ ಖರ್ಚಿಗೂ ಒಂದು ಅಳತೆ ಇರಬೇಕು, ನಿಯಮದಲ್ಲಿರುವ ವಕೀಲರ ಫೀಸು ಕೊಡಿಸಬಹುದು, ಕೈಯಿಂದ ಕೊಟ್ಟದ್ದೆಲ್ಲ ಬೇಕು ಎಂದರೆ ಒಂದೊಂದನ್ನೂ ಯಾಕೆ ಬೇಕಿತ್ತು ಎಂದು ಸಾಬೀತು ಮಾಡಬೇಕು, ಅದಕ್ಕೆ ವಾದಿ ಮತ್ತೆ ಕಟಕಟೆಗೆ ಬರಬೇಕಾಗುತ್ತದೆ ಎಂದರು. ಅದಕ್ಕೆ ಮೊದಲು ರಾಜಿಗೆ ದಾರಿ ಇದೆಯೇ ನೋಡಿ ಎಂದು ಮೂರು ವಾರ ವಾಯಿದೆ ಕೊಟ್ಟರು.

ಡಾಕ್ಟರ ಕಡೆಯಿಂದ ಅವತ್ತು ಸಂಜೆಯೇ ಮಾತು ಬಂತು. ಉಳಿದ ಕರಪತ್ರ, ಫೋಟೋ, ಫಿಲ್ಮು ಎಲ್ಲ ವಾಪಸು. ತಪ್ಪಾಯಿತು ಎಂದು ಬರೆದುಕೊಡುವುದು. ಹತ್ತು ಸಾವಿರ ಪರಿಹಾರ. ಖರ್ಚು ಮಾತ್ರ ಅವರವರದು ಅವರವರಿಗೆ.

ಅದರಲ್ಲಿ ಫಿಲ್ಮು ಎಂಬ ಮಾತು ಪವಿತ್ರಾಳ ಕಿವಿಯಲ್ಲಿ ಉಳಿಯಿತು. ಎರಡು ವರ್ಷದಿಂದ ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಕಾಗದ ಸುಟ್ಟರೆ ಏನು ಬಂತು, ಫಿಲ್ಮು ಆತನ ಕಬ್ಬಿಣದ ಬೀರುವಿನಲ್ಲಿ ಇರುವತನಕ ನಾಳೆ ಇನ್ನೊಂದು ಸಾವಿರ ಅಚ್ಚು ಹಾಕಬಹುದು. ಹುಣಸೂರಿನ ಆ ಬೀದಿಯಲ್ಲಿ ಬಸ್ಸು ತಿರುಗುವಾಗೆಲ್ಲ ಅವಳು ಸೆರಗನ್ನು ಬೆನ್ನ ಮೇಲೆ ಎಳೆದುಕೊಳ್ಳುತ್ತಿದ್ದಳು. ಮೈ ತುಂಬ ಬಟ್ಟೆ ಇದ್ದರೂ ತಾನು ಆ ಬೀರುವಿನೊಳಗೆ ಬರಿಬೆನ್ನಿನಲ್ಲಿ ಕೂತಿದ್ದೇನೆ ಅನ್ನಿಸುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಕೇಳಿದವರೂ ಇಲ್ಲ.

ಮನೆಯಲ್ಲಿ ರಾಜಿಯ ಮಾತು ಎದ್ದದ್ದು ಬೆಳಗಿನ ರೊಟ್ಟಿಯ ಹೊತ್ತಿಗೆ. ಲಿಂಗರಾಜು ಒಪ್ಪಿಕೊಳ್ಳೋಣ ಎಂದ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುವ ಗಾದೆ ತೆಗೆದ. ಬರುವ ಹತ್ತು ಸಾವಿರದಲ್ಲಿ ಕೊಳವೆಯಾದರೂ ಹೊಸದು ಹಾಕಿಸಬಹುದು ಎಂದ. ಮಂಟಯ್ಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ಖರ್ಚು ಕಕ್ಕಿಸ್ದೇ ಬುಡಲ್ಲ ನಾನು. ಮೂಗ್ತಿ ಅಂದ ಅವ್ನು. ನನ್ ಮಗ್ಳು ಮಾನ ಅವ್ನಿಗೆ ಮೂಗ್ತಿನಾ?"

"ಮಾನದ್ ಮಾತು ಎಲ್ಲದೆ ಅಪ್ಪ ಈಗ? ಮಾನ ಬುಟ್ಟು ಖರ್ಚಿಗೆ ಬಂದು ಆರ್ ತಿಂಗ್ಳಾಯ್ತು. ನಲವತ್ ಸಾವ್ರ ಈಸ್ಕಳಕ್ಕೆ ಇನ್ನೊಂದ್ ನಲವತ್ ಸಾವ್ರ ಆಯ್ತದೆ."

"ಆಗ್ಲಿ."

"ಆಗ್ಲಿ ಅಂದ್ರೆ? ಅವ್ಳು ಮತ್ತೆ ಓಗಿ ಆ ಕಟಕಟೇಲಿ ನಿಂತ್ಕಬೇಕು ಕಣಪ್ಪ."

"ಸತ್ಯ ಏಳಕ್ಕೆ ಏನ್ ಎದ್ರಿಕೆ," ಎಂದು ಮಂಟಯ್ಯ ಎದ್ದುಹೋದ. ಅರ್ಧ ರೊಟ್ಟಿ ತಟ್ಟೆಯಲ್ಲೇ ಇತ್ತು.

ಅವಳು ಮೊದಲ ಸಲ ಕಟಕಟೆಗೆ ಹತ್ತಿದ್ದು ಹೇಗಿತ್ತೆಂದು ಈ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಡಾಕ್ಟರ ವಕೀಲ ಕರಪತ್ರ ಮುಂದೆ ಹಿಡಿದು, ಇದು ನಿಮ್ಮ ಬೆನ್ನೇ ಎಂದು ಹೇಗೆ ಗುರುತಿಸುತ್ತೀರಿ ಎಂದು ಕೇಳಿದ್ದ. ಪವಿತ್ರಾ ಇದ್ದದ್ದನ್ನು ಹೇಳಿದಳು. "ನನ್ನ ಬೆನ್ನ ನಾನು ನೋಡಿಲ್ಲ ಸ್ವಾಮಿ." ಜನ ನಕ್ಕರು. ಆತ ಕಾಗದವನ್ನು ಇನ್ನೂ ಹತ್ತಿರ ತಂದ. ಕಣ್ಣು ತುಂಬಿಕೊಂಡು ಅವಳಿಗೆ ಬಿಳಿ ಕರಿ ಯಾವುದೂ ಕಾಣಲಿಲ್ಲ, ಹೌದು ನಂದೇ ಎಂದುಬಿಟ್ಟಳು. ಅವರ ಮನೆಯಲ್ಲಿದ್ದದ್ದು ಬೊಟ್ಟು ಇಟ್ಟುಕೊಳ್ಳುವಷ್ಟು ಅಗಲದ ಒಂದೇ ಕನ್ನಡಿ. ಅಪ್ಪ ತಂದ ಕರಪತ್ರವೆಲ್ಲ ಅವಳು ನೋಡುವ ಮೊದಲೇ ಒಲೆಗೆ ಹೋಗಿತ್ತು. ತಾಲ್ಲೂಕಿನಲ್ಲಿ ಆ ಬೆನ್ನನ್ನು ನೋಡದವಳು ಅವಳೊಬ್ಬಳೇ ಎಂದರೂ ತಪ್ಪಿಲ್ಲ. ಬೆನ್ನೆಲ್ಲಾ ತುಂಬಿಕೊಂಡಿದೆ ಎಂದು ಭೇರ್ಯದ ಹೆಂಗಸು ಅತ್ತಿದ್ದಳಂತೆ. ಪವಿತ್ರಾಳೂ ಅದನ್ನೇ ನಂಬಿಕೊಂಡಿದ್ದಳು.

ಎರಡನೆಯ ವಾರ ಹೊಲದಲ್ಲಿ ಕೊನೆಯ ಎಲೆ ಮುರಿದರು. ಮೂರನೆಯ ವಾರ ಮನೆಯ ಪಡಸಾಲೆಯಲ್ಲಿ ಮೊದಲೇ ಬೆಂದ ಸೊಪ್ಪನ್ನು ಹರಡಿಕೊಂಡು ಗ್ರೇಡು ಮಾಡಿದರು. ಮಂಟಯ್ಯ ಈ ಕೆಲಸದಲ್ಲಿ ಗಟ್ಟಿಗ. ಒಂದೊಂದು ಎಲೆಯನ್ನೂ ಎತ್ತಿ, ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, ನಿಂಬೆಹಣ್ಣಿನ ಬಣ್ಣದ್ದು ಇತ್ತ, ಚುಕ್ಕೆ ಬಿದ್ದದ್ದು ಅತ್ತ ಎಂದು ಎಸೆಯುತ್ತಿದ್ದ. ಪವಿತ್ರಾ ಎದುರಿಗೆ ಕೂತು ಅದೇ ಕೆಲಸ ಮಾಡುತ್ತಿದ್ದಳು. ಅವಳ ಕಣ್ಣೂ ಅಪ್ಪನಷ್ಟೇ ಚುರುಕು. ಮಧ್ಯೆ ಎಲೆಗಳ ರಾಶಿ, ಈ ಕಡೆ ಅವಳು, ಆ ಕಡೆ ಅವನು. ಮಧ್ಯಾಹ್ನ ಅವಳೇ ಬಾಯಿ ಬಿಟ್ಟಳು.

"ಅಪ್ಪ, ನಂಗೆ ಖರ್ಚು ಬ್ಯಾಡ. ಆ ಫಿಲ್ಮೊಂದ್ ಬಂದ್ರೆ ಸಾಕು."

ಮಂಟಯ್ಯ ಕೈಯಲ್ಲಿದ್ದ ಎಲೆಯನ್ನೇ ನೋಡುತ್ತಾ, "ನಿಂಗೇನ್ ಗೊತ್ತದೆ ಬುಡು" ಎಂದ. ಬೈದದ್ದಲ್ಲ. ಆ ದನಿಯಲ್ಲಿ ಪ್ರೀತಿಯೇ ಇತ್ತು. ಅದೇ ಅವಳಿಗೆ ತಡೆಯಲಾಗಲಿಲ್ಲ. ಎದ್ದು ಹಸುವಿಗೆ ನೀರು ತೋರಿಸುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಸ್ವಲ್ಪ ಹೊತ್ತು ಅತ್ತಳು. ಇಷ್ಟು ಜನ ತನ್ನ ಸಲುವಾಗಿ ಓಡಾಡುತ್ತಿದ್ದಾರೆ, ತಾನೊಬ್ಬಳು ಮಾತ್ರ ಅದರೊಳಗೆ ಎಲ್ಲೂ ಇಲ್ಲ ಎನಿಸಿತು.

ವಾಯಿದೆಯ ದಿನವೇ ಸರಿಯಾಗಿ ಮಂಟಯ್ಯನಿಗೆ ಹರಾಜು ಕಟ್ಟೆಗೆ ಸೊಪ್ಪಿನ ಬೇಲು ತರಲು ಸರದಿಯ ನಂಬರು ಬಂತು. ಆ ನಂಬರು ತಪ್ಪಿದರೆ ಮತ್ತೆ ಎಷ್ಟು ದಿನವೋ. ಅಪ್ಪ ಮಗ ಇಬ್ಬರೂ ಬೆಳಕು ಹರಿಯುವ ಮೊದಲೇ ಬೇಲುಗಳನ್ನು ಲಾರಿಗೆ ಹಾಕಿ ಹತ್ತಿಕೊಂಡರು. ಹೊರಡುವಾಗ ಮಂಟಯ್ಯ ಹೆಂಡತಿಗೆ ಹೇಳಿದ. ಪವಿತ್ರಾಳನ್ನು ಕರೆದುಕೊಂಡು ಹುಣಸೂರಿಗೆ ಹೋಗುವುದು, ರಾಜಿಗೆ ಒಪ್ಪಿಲ್ಲ, ಖರ್ಚು ಸಾಬೀತು ಮಾಡುತ್ತೇವೆ ಎಂದು ವಕೀಲರಿಗೆ ಹೇಳುವುದು, ಇನ್ನೊಂದು ಡೇಟು ತೆಗೆದುಕೊಂಡು ಬರುವುದು. ಅವಳಿಗೂ ಹೇಳು ಎಂದ. ಅವಳು ಮೂರು ಮಾರು ದೂರದಲ್ಲಿ ನಿಂತಿದ್ದಳು.

ತಾಯಿ ಮಗಳು ಎಂಟೂವರೆ ಬಸ್ಸಿಗೆ ಹೋದರು. ದಾರಿಯುದ್ದಕ್ಕೂ ರಾಮಮ್ಮ ಎಲೆ ಅಡಿಕೆ ಹಾಕಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಕೆ ಮೊದಲಿನಿಂದ ಅಷ್ಟೇ, ಮಾತು ಕಡಿಮೆ. ಕೇಸಿನ ವಿಷಯದಲ್ಲಿ ಆಕೆಯನ್ನು ಯಾರೂ ಏನೂ ಕೇಳಿರಲಿಲ್ಲ. ಓದು ಬರಹ ಬರದವಳಿಗೆ ಕೋರ್ಟಿನದು ಏನು ತಿಳಿಯುತ್ತದೆ ಎಂದು ಅಡುಗೆಮನೆಗೆ ಬಿಟ್ಟಿದ್ದರು.

ಶಿವನಂಜಪ್ಪನವರು ಕೋರ್ಟಿನ ಹುಣಸೆಮರದ ಕೆಳಗೆ ಸಿಕ್ಕಿದರು. ಪವಿತ್ರಾ ಅಪ್ಪ ಹೇಳಿಕಳಿಸಿದ್ದನ್ನು ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗೆಲ್ಲ ನಾಲಿಗೆಯ ಮೇಲೆ ಇಟ್ಟುಕೊಂಡಿ‌ದ್ದ ಮಾತನ್ನು ಕೇಳಿದಳು.

"ರಾಜಿ ಆಗ್ಬೇಕೂಂದ್ರೆ ಅಪ್ಪನ್ ಸೈನು ಬೇಕಾ ಸಾರ್?"

ವಕೀಲರು ಕನ್ನಡಕ ತೆಗೆದು ಕೋಟಿನ ತುದಿಯಲ್ಲಿ ಒರೆಸಿದರು. "ವಾದಿ ನೀನಮ್ಮ. ನಿನ್ನ ಸೈನೇ ಸಾಕು. ಅದನ್ನ ನಿಮ್ಮಪ್ಪ ಮರೆತಿದಾರೆ. ನಿಜ ಹೇಳಬೇಕಂದ್ರೆ ನಾನೂ ಮರೆತಿದ್ದೆ."

ಆಮೇಲೆ ಅವರು ಎರಡೆರಡು ಸಲ ಎಚ್ಚರಿಸಿದರು. ಖರ್ಚು ಬಿಟ್ಟರೆ ಬಿಟ್ಟಂತೆಯೇ, ಮತ್ತೆ ಕೇಳುವ ಹಾಗಿಲ್ಲ. ಬರುವುದು ಹತ್ತು, ಹೋಗಿರುವುದು ನಲವತ್ತೊಂದು. ಮನೆಯಲ್ಲಿ ಕೇಳಿದರೆ ಏನು ಹೇಳುತ್ತೀಯ? ಪವಿತ್ರಾ ಅಮ್ಮನ ಕಡೆ ನೋಡಿದಳು. ರಾಮಮ್ಮ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಮರದ ಬುಡಕ್ಕೆ ಉಗುಳಿ ಬಂದಳು.

"ಸೈನ್ ಆಕವ್ವ. ನಾನಿವ್ನಿ."

ಟೈಪಾಗಿ ಬಂದ ಹಾಳೆಗೆ ಪವಿತ್ರಾ ತನ್ನ ದುಂಡನೆಯ ಅಕ್ಷರದಲ್ಲಿ ಸಹಿ ಮಾಡಿದಳು. ನಾಳೆ ಮಂಟಯ್ಯ ಬಂದು ಗಲಾಟೆ ಮಾಡಿದರೆ ಇರಲಿ ಎಂದು ವಕೀಲರು ರಾಮಮ್ಮನ ಹೆಬ್ಬೆಟ್ಟನ್ನೂ ಸಾಕ್ಷಿಗೆ ಒತ್ತಿಸಿಕೊಂಡರು. ನ್ಯಾಯಾಧೀಶರು ಯಾರದಾದರೂ ಬಲವಂತ ಇದೆಯೇ ಎಂದು ಕೇಳಿದರು. ಇಲ್ಲ ಎಂದಳು. ಖರ್ಚು ಬೇಡವೇ ಎಂದು ಕೇಳಿದರು. ಬೇಡ ಎಂದಳು. ಎರಡು ವರ್ಷದ ಕೇಸು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ಉಳಿದ ಕರಪತ್ರಗಳನ್ನು ಕೋರ್ಟಿನವರೇ ಸುಡುವುದೆಂದಾಯಿತು. ಡಾಕ್ಟರ ವಕೀಲ ನೋಟಿನ ಕಟ್ಟನ್ನೂ ಒಂದು ಕಂದು ಕವರನ್ನೂ ಕೊಟ್ಟ. ಕವರಿನೊಳಗೆ ತೆಳು ಕಾಗದದಲ್ಲಿ ಸುತ್ತಿದ ಫಿಲ್ಮಿನ ಚೂರು, ಬೆರಳುದ್ದ, ಎರಡು ಚೌಕ. ಪವಿತ್ರಾ ಅದನ್ನು ಅಲ್ಲಿ ನೋಡಲಿಲ್ಲ, ಬಸ್ಸಿನಲ್ಲೂ ನೋಡಲಿಲ್ಲ. ರವಿಕೆಯೊಳಗೆ ಇಟ್ಟುಕೊಂಡು ಊರಿನತನಕ ಅದರ ಮೇಲೆ ಕೈ ಇಟ್ಟುಕೊಂಡೇ ಬಂದಳು.

ಹರಾಜಿನಲ್ಲಿ ರೇಟು ಚೆನ್ನಾಗಿ ಬಂದಿತ್ತು. ಮಂಟಯ್ಯ ಸಂಜೆ ನಾಲ್ಕಕ್ಕೆಲ್ಲ ಮನೆಗೆ ಬಂದು, ಕೊನೆಯ ಸೊಪ್ಪು ಬೇಯುತ್ತಿದ್ದ ಬ್ಯಾರನ್ನಿನ ಒಲೆಯ ಮುಂದೆ ದಿಮ್ಮಿಯ ಮೇಲೆ ಕೂತಿದ್ದ. ಡೇಟು ಯಾವಾಗಕ್ಕೆ ಕೊಟ್ಟರು ಎಂದು ಕೇಳಿದ. ಪವಿತ್ರಾ ಕೇಸು ಮುಗಿಯಿತು ಎಂದಳು. ನೋಟಿನ ಕಟ್ಟನ್ನು ದಿಮ್ಮಿಯ ಮೇಲೆ ಇಟ್ಟಳು. ಅವನು ಅದನ್ನು ಮುಟ್ಟಲಿಲ್ಲ.

"ಖರ್ಚು?"

"ಬುಟ್ಬುಟ್ಟೆ ಅಪ್ಪ. ನಾನೇ ಸೈನ್ ಆಕ್ದೆ."

ಮಂಟಯ್ಯ ಬೈಯುತ್ತಾನೆ ಎಂದು ಅವಳು ಕಾದಳು. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಅವನು ಕೈ ಚಾಚಿದ. ಏನು ತಂದೆ ಎಂದು ಕೇಳುವ ಕೈ ಅದು. ಅವಳು ಫಿಲ್ಮನ್ನು ಅದರ ಮೇಲಿಟ್ಟಳು. ಅದು ಅವನ ಅಂಗೈಯಲ್ಲಿ, ಹೊಗೆಸೊಪ್ಪಿನ ಅಂಟು ಕರ್ರಗೆ ಮೆತ್ತಿದ ಆ ದೊಡ್ಡ ಅಂಗೈಯಲ್ಲಿ, ಒಂದು ಸಿಪ್ಪೆಯ ಹಾಗೆ ಕೂತಿತು.

"ಇಷ್ಟಕ್ಕಾ?" ಎಂದ. "ನಲವತ್ತೊಂದ್ ಸಾವ್ರ, ಇಷ್ಟಕ್ಕಾ?"

"ಊ ಕಣಪ್ಪ. ನಂಗೆ ಬೇಕಾಗಿದ್ದು ಇಷ್ಟೇಯ."

ಎಲೆಯ ಹಿಂದು ಮುಂದು ತಿರುಗಿಸಿ ಬೆಳಕಿಗೆ ಹಿಡಿಯದೆ ಯಾವುದನ್ನೂ ಬಿಡದವನು, ಅದನ್ನು ಮಾತ್ರ ನೋಡಲಿಲ್ಲ. ಮುಖ ಆಚೆ ತಿರುಗಿಸಿಕೊಂಡೇ ಕೈಯನ್ನು ಹಿಂದಕ್ಕೆ ಚಾಚಿ ವಾಪಸು ಕೊಟ್ಟ. ಜೇಬಿನಲ್ಲಿ ನಾಲ್ಕು ಮಡಿಕೆಯ ಆ ಪಟ್ಟಿ ಇನ್ನೂ ಇತ್ತು. ತೆಗೆದು ಒಂದು ಸಲ ನೋಡಿ ಮತ್ತೆ ಜೇಬಿಗೇ ಇಟ್ಟುಕೊಂಡ. ಆಮೇಲೆ ಸೌದೆ ತರುವುದಕ್ಕೆ ಎದ್ದುಹೋದ.

ಬ್ಯಾರನ್ನಿನ ಹಿಂದೆ, ಹಿಂದೊಮ್ಮೆ ಬೆನ್ನು ಬಿಸಿಲಿಗೆ ಕೊಟ್ಟು ಕೂರುತ್ತಿದ್ದ ಜಾಗಕ್ಕೆ ಪವಿತ್ರಾ ಹೋದಳು. ಪಡುವಣ ಬಿಸಿಲು ಇನ್ನೂ ಇತ್ತು. ಫಿಲ್ಮನ್ನು ಎರಡು ಬೆರಳಿನಲ್ಲಿ ಎತ್ತಿ ಸೂರ್ಯನಿಗೆ ಹಿಡಿದಳು. ಫಿಲ್ಮಿನಲ್ಲಿ ಎಲ್ಲ ತಿರುವುಮುರುವು. ಅವಳ ಜಡೆ ಬೆಳ್ಳಗೆ ಬಿದ್ದಿತ್ತು. ಮಚ್ಚೆಯಿಲ್ಲದ ಬೆನ್ನು ಹಾಲಿನ ಹಾಗೆ ಬೆಳ್ಳಗಿತ್ತು. ಆ ಬಿಳುಪಿನ ನಡುವೆ, ಎಡಗಡೆ ರೆಕ್ಕೆಮೂಳೆಯ ಕೆಳಗೆ, ಕರ್ರಗೆ ಒಂದು ಬೊಟ್ಟು. ಅವಳು ಉಳಿದ ಚೌಕವನ್ನೂ ನೋಡಿದಳು. ಇನ್ನೊಂದರಲ್ಲೂ ಅಷ್ಟೇ. ಅಚ್ಚಿನವನು ಆ ಬೊಟ್ಟನ್ನೇ ದೊಡ್ಡದು ಮಾಡಿ ಕರಪತ್ರದ ಚೌಕ ತುಂಬಿಸಿದ್ದ ಎಂದು ಅವಳಿಗೆ ಆಗ ತಿಳಿಯಿತು.

ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಇಷ್ಟೇ ನೋಡಿ ಎನ್ನಬೇಕು ಅನ್ನಿಸಿತು. ಅಣ್ಣನಿಗೆ ತೋರಿಸುವ ಹಾಗಿಲ್ಲ, ಅಪ್ಪ ನೋಡಲೊಲ್ಲ, ಅತ್ತಿಗೆ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು. ಊರೆಲ್ಲ ನೋಡಿದ್ದ ಆ ಬೆನ್ನನ್ನು ಈಗ ನೋಡು ಎಂದರೆ ನೋಡುವವರಿಲ್ಲ. ಅವಳು ಕೊಟ್ಟಿಗೆಗೆ ಹೋದಳು. ರಾಮಮ್ಮ ಹಸುವಿನ ಕೆಳಗೆ ಕೂತು ಹಾಲು ಕರೆಯುತ್ತಿದ್ದಳು.

"ಅವ್ವ, ಅದು ಒಂಚೂರೇ ಇತ್ತು ಕಣವ್ವ. ಬೆನ್ನೆಲ್ಲಾ ಇರ್ಲಿಲ್ಲ."

"ನಂಗೊತ್ತಿಲ್ವಾ," ಎಂದಳು ರಾಮಮ್ಮ, ಕೆಚ್ಚಲಿನಿಂದ ಕೈ ತೆಗೆಯದೆ. "ಒಂದ್ ವರ್ಸ ದಿನಾಗ್ಲೂ ಎಣ್ಣೆ ಅಚ್ಚಿದ್ದು ನನ್ ಕೈಯಲ್ವಾ."

"ಮತ್ತೆ ಯಾಕೇಳ್ಲಿಲ್ಲ? ಕೋರ್ಟ್ನಲ್ಲಿ, ವಕೀಲ್ರಿಗೆ, ಭೇರ್ಯದೋರ್ಗೆ, ನಂಗಾದ್ರೂ?"

ರಾಮಮ್ಮ ಚೊಂಬು ಪಕ್ಕಕ್ಕಿಟ್ಟು ಮಗಳ ಕಡೆ ತಿರುಗಿದಳು.

"ಯಾರೂ ಕೇಳ್ಲಿಲ್ಲ ಕಣವ್ವ."

ಆಮೇಲೆ ಎದ್ದು ಬಂದು, ಅವಳ ಹಿಂದೆ ನಿಂತು, ಹುಡುಕಾಡದೆ, ರವಿಕೆಯ ಮೇಲಿಂದಲೇ ಎಡಗಡೆ ರೆಕ್ಕೆಮೂಳೆಯ ಕೆಳಗೆ ತನ್ನ ಹೆಬ್ಬೆಟ್ಟು ಒತ್ತಿದಳು. ಬೆಳಿಗ್ಗೆ ಕೋರ್ಟಿನಲ್ಲಿ ಹತ್ತಿದ ಮಸಿ ಅದರ ಮೇಲೆ ಇನ್ನೂ ಇತ್ತು.

"ಇಲ್ಲಿ," ಎಂದಳು. "ನನ್ ಎಬ್ಬೆಟ್ಟಿನ ಕೆಳಗೇ ಮುಚ್ಚೋಗ್ತಿತ್ತು."

ಪವಿತ್ರಾ ಅಲ್ಲಾಡದೆ ನಿಂತಳು. ಎರಡು ವರ್ಷದಲ್ಲಿ ಆ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ. ಹಸು ಕಾಲು ಬದಲಿಸಿತು. ರಾಮಮ್ಮ ಕೈ ತೆಗೆದು ಮತ್ತೆ ಹಾಲು ಕರೆಯುವುದಕ್ಕೆ ಕೂತಳು.